ಬೀಗ ಹಾಕಿದ್ದ ಹೈಸ್ಕೂಲ್ ಲ್ಯಾಬ್ ತೆಗೆಸಿದ್ದೇನೆ, ಮಕ್ಕಳನ್ನು ಒಳಗೆ ಬಿಡೋ ಮೊದಲು ಏನೇನು ಮಾಡಬೇಕು?

ವಿಜ್ಞಾನ_ಟೀಚರ್_ಹಾವೇರಿ
ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ಈ ವರ್ಷ ಒಂದು ಸರ್ಕಾರಿ ಪ್ರೌಢಶಾಲೆಗೆ ಬಂದಿದ್ದೇನೆ. ಇಲ್ಲಿ ಲ್ಯಾಬ್ ಇದೆ, ಆದರೆ ಬಹಳ ವರ್ಷದಿಂದ ಬೀಗ ಹಾಕಿಯೇ ಇತ್ತು. ಪ್ರಯೋಗ ಎಲ್ಲ ಬೋರ್ಡ್ ಮೇಲೆ ಚಿತ್ರ ಬರೆದೇ ಮುಗಿಯುತ್ತಿತ್ತಂತೆ. ಹೆಡ್‌ಮಾಸ್ಟರ್ ಒಳ್ಳೆಯವರು, ಆದರೆ ಲ್ಯಾಬ್ ಅಂದರೆ ಹೆದರುತ್ತಾರೆ. "ಏನಾದ್ರೂ ಆದ್ರೆ ಪೋಷಕರಿಗೆ ಯಾರು ಉತ್ತರ ಕೊಡೋದು ಮೇಡಂ? ವಿಡಿಯೋ ತೋರಿಸಿಬಿಡಿ" ಅಂತಾರೆ.

ಬೀಗ ತೆಗೆಸಿ ನೋಡಿದರೆ ಒಂದು ಮರದ ಬೀರು. ಅದರ ಮೇಲಿನ ಖಾನೆಯಲ್ಲಿ, ನನ್ನ ತಲೆಗಿಂತ ಎತ್ತರದಲ್ಲಿ, ಸಲ್ಫ್ಯೂರಿಕ್, ನೈಟ್ರಿಕ್, ಹೈಡ್ರೋಕ್ಲೋರಿಕ್ ಆಸಿಡ್ ಬಾಟಲಿಗಳು. ಅದೇ ಬೀರುವಿನಲ್ಲಿ ಅಮೋನಿಯ, ಸ್ಪಿರಿಟ್ ಕ್ಯಾನ್. ಸುಮಾರು ಬಾಟಲಿಗಳ ಲೇಬಲ್ ಗೆದ್ದಲು ತಿಂದಿದೆ. ಒಂದು ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ ತಳ ಕಂಡಿದೆ, ಅದರೊಳಗೆ ಬೆಳ್ಳಗೆ ಹೊಪ್ಪಳೆ ಕಟ್ಟಿದ ತುಂಡುಗಳು, ಸೋಡಿಯಂ ಇರಬೇಕು. ಡ್ರಾಯರಿನಲ್ಲಿ ಒಡೆದ ಥರ್ಮಾಮೀಟರ್, ಅದರ ಪಾದರಸ ಮಣಿಮಣಿಯಾಗಿ ಮೂಲೆಯಲ್ಲಿ ಕೂತಿದೆ. ಸಿಂಕ್ ಇದೆ, ನಲ್ಲಿ ಇದೆ, ನೀರು ಬರಲ್ಲ.

10ನೇ ತರಗತಿಯಲ್ಲಿ ಐವತ್ತರ ಹತ್ತಿರ ಮಕ್ಕಳು. ಮೊದಲ ಪಾಠವೇ ರಾಸಾಯನಿಕ ಕ್ರಿಯೆಗಳು. ಅವರ ಕೈಯಲ್ಲೇ ಮಾಡಿಸಬೇಕು ಅನ್ನೋದು ನನ್ನ ಆಸೆ. ಎಲ್ಲಿಂದ ಶುರು ಮಾಡಲಿ? ದೊಡ್ಡ ದುಡ್ಡು ಇಲ್ಲ, ಅದನ್ನು ಮನಸ್ಸಲ್ಲಿಟ್ಟುಕೊಂಡು ಹೇಳಿ.

ಕರಾವಳಿ_ಹುಡುಗ
ಪಾದರಸವನ್ನು ಪೊರಕೆಯಲ್ಲಿ ಗುಡಿಸಬೇಡಿ!! ಅದು ಮೊದಲು.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
ಮೇಡಂ, ಸದ್ಯಕ್ಕೆ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯಬೇಡಿ. ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಒಬ್ಬರೇ ಕೆಲಸ ಮಾಡಬೇಡಿ, ಇನ್ನೊಬ್ಬ ಟೀಚರ್ ಜೊತೆಗಿರಲಿ. ಮತ್ತೆ ದಯವಿಟ್ಟು ಮಕ್ಕಳ ಕೈಲಿ ಕ್ಲೀನ್ ಮಾಡಿಸಬೇಡಿ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಶನಿವಾರ ಬಂದರೆ ಲ್ಯಾಬ್ ಗುಡಿಸೋ ಕೆಲಸ 9ನೇ ತರಗತಿಯವರದು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಆಸಿಡ್ ಬಾಟಲಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಇರಲೇಬಾರದು. ಕೆಳಗಿನ ಖಾನೆಗೆ ಇಳಿಸಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಇಡಿ. ಸೋರಿದರೆ ಟಬ್ಬಿನಲ್ಲೇ ನಿಲ್ಲುತ್ತದೆ. ಎತ್ತುವಾಗ ಬಾಟಲಿಯ ಕತ್ತು ಮಾತ್ರ ಹಿಡಿಯಬೇಡಿ, ಒಂದು ಕೈ ತಳಕ್ಕೆ ಕೊಡಿ. ನೈಟ್ರಿಕ್ ಆಸಿಡ್‌ಗೆ ಬೇರೆ ಟಬ್, ಸ್ಪಿರಿಟ್‌ನಿಂದ ದೂರ. ಆ ಎರಡು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಅಮೋನಿಯವನ್ನು ಬೇರೆ ಕಡೆ ಸಾಗಿಸಿ. ಬಾಟಲಿಗಳ ಮೇಲೆ ಬಿಳಿ ಪುಡಿ ಕೂತಿದ್ದರೆ ಹೆದರಬೇಡಿ, ಅಮೋನಿಯ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಆವಿ ಸೇರಿ ಆದ ಅಮೋನಿಯಂ ಕ್ಲೋರೈಡ್ ಇರುತ್ತದೆ.

ಲೇಬಲ್ ಇಲ್ಲದ ಬಾಟಲಿಯನ್ನು ಮೂಸಿ ಗುರುತು ಹಿಡಿಯೋಕೆ ಹೋಗಬೇಡಿ. ಎಲ್ಲವನ್ನೂ ಒಂದು ಕಡೆ ಇಟ್ಟು "ಏನೆಂದು ಗೊತ್ತಿಲ್ಲ, ಮುಟ್ಟಬೇಡಿ" ಅಂತ ಬರೆದು ಅಂಟಿಸಿ. ಹತ್ತಿರದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ವಿಭಾಗಕ್ಕೆ ಹೆಡ್‌ಮಾಸ್ಟರ್ ಮೂಲಕ ಪತ್ರ ಬರೆಸಿ, ಯಾರಾದರೂ ಬಂದು ನೋಡುತ್ತಾರೆ.

ಸೋಡಿಯಂ ವಿಷಯ: ಬಿಳಿ ಹೊಪ್ಪಳೆ ಇದ್ದರೆ ಆ ಒಂದು ಬಾಟಲಿ ಮಾತ್ರ ತೆರೆದು ಸದ್ಯಕ್ಕೆ ಮೇಲಿಂದ ಸೀಮೆಎಣ್ಣೆ ಅಥವಾ ಲಿಕ್ವಿಡ್ ಪ್ಯಾರಾಫಿನ್ ಹಾಕಿ ತುಂಡುಗಳು ಮುಳುಗುವ ಹಾಗೆ ಮಾಡಿ. ಆದರೆ ಹೊಪ್ಪಳೆ ಹಳದಿ ಅಥವಾ ಕಿತ್ತಳೆ ಬಣ್ಣ ಇದ್ದರೆ ಅದು ಪೊಟ್ಯಾಸಿಯಂ ಇರಬಹುದು. ಅಂಥದ್ದನ್ನು ಕದಲಿಸಬೇಡಿ, ಕತ್ತರಿಸಲೇಬೇಡಿ, ಸಿಡಿಯುತ್ತದೆ.

ಬಯಾಲಜಿ_ಅಕ್ಕ
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಹಳೇ ಲ್ಯಾಬ್ ಆದರೆ ಪಿಕ್ರಿಕ್ ಆಸಿಡ್ ಇದೆಯಾ ನೋಡಿ. ಹಳದಿ ಪುಡಿ ಅಥವಾ ಹರಳು. ಜೀವಶಾಸ್ತ್ರದ ಸ್ಪೆಸಿಮನ್ ತಯಾರಿಸಲು ಹಿಂದೆ ತರಿಸುತ್ತಿದ್ದರು. ಒದ್ದೆಯಾಗಿದ್ದರೆ ಸುಮ್ಮನಿರುತ್ತದೆ, ಒಣಗಿದರೆ ಅದು ಸ್ಫೋಟಕ. ಮುಚ್ಚಳ ತಿರುಗಿಸುವ ಉಜ್ಜಾಟವೇ ಸಾಕು. ಕಂಡರೆ ಮುಟ್ಟದೆ ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಿ.

ಗಾಜಿನ ಜಾಡಿಯಲ್ಲಿ ಕಪ್ಪೆ, ಹಾವು ಇಟ್ಟಿದ್ದರೆ ಅದರಲ್ಲಿರೋದು ಫಾರ್ಮಲಿನ್. ಅದರ ಆವಿ ಕಣ್ಣು ಮೂಗಿಗೆ ಉರಿ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ. ಜಾಡಿ ಬಿರುಕು ಬಿಟ್ಟಿಲ್ಲ ತಾನೇ?

ವಿಜ್ಞಾನ_ಟೀಚರ್_ಹಾವೇರಿ
@ಬಯಾಲಜಿ_ಅಕ್ಕ ಪಿಕ್ರಿಕ್ ಇಲ್ಲ, ಹೆಸರು ಓದಲು ಬಂದ ಬಾಟಲಿಗಳಲ್ಲಂತೂ ಇಲ್ಲ. ಕಪ್ಪೆ ಜಾಡಿ ಒಂದಿದೆ, ಮುಚ್ಚಳ ಮೇಣ ಹಾಕಿ ಮುಚ್ಚಿದ್ದಾರೆ.

ಕರಾವಳಿ_ಹುಡುಗ
ಪಾದರಸದ ಬಗ್ಗೆ ಪೂರ್ತಿ ಹೇಳುತ್ತೇನೆ, ಬಸ್ಸಲ್ಲಿದ್ದೆ ಆಗ. ಕೈಯಲ್ಲಿ ಚಿನ್ನದ ಉಂಗುರ, ಬಳೆ ಇದ್ದರೆ ತೆಗೆದಿಡಿ, ಪಾದರಸ ಚಿನ್ನಕ್ಕೆ ಅಂಟುತ್ತದೆ. ಗ್ಲೌಸ್ ಹಾಕಿಕೊಳ್ಳಿ. ಎರಡು ಗಟ್ಟಿ ಕಾಗದದಿಂದ ಮಣಿಗಳನ್ನು ಒಂದೆಡೆ ಸೇರಿಸಿ, ಡ್ರಾಪರ್‌ನಲ್ಲಿ ಎಳೆದು, ಸ್ವಲ್ಪ ನೀರಿರುವ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಸಂದಿಯಲ್ಲಿ ಉಳಿದ ಸಣ್ಣ ಮಣಿಗಳನ್ನು ಸೆಲ್ಲೋ ಟೇಪ್‌ಗೆ ಅಂಟಿಸಿ ತೆಗೆಯಿರಿ. ಮೇಲೆ ಗಂಧಕದ ಪುಡಿ ಉದುರಿಸಿ. ಸಿಂಕಿಗೆ ಹಾಕಬಾರದು, ಕಸಕ್ಕೂ ಹಾಕಬಾರದು. ಪೊರಕೆ ಹಾಕಿದರೆ ಮಣಿ ಒಡೆದು ನೂರು ಮಣಿ ಆಗುತ್ತದೆ, ಅಷ್ಟೂ ಆವಿ ಜಾಸ್ತಿ. ಹೊಸದಾಗಿ ತರಿಸುವಾಗ ಕೆಂಪು ಆಲ್ಕೋಹಾಲ್ ಥರ್ಮಾಮೀಟರ್ ತರಿಸಿ. 9ನೇ, 10ನೇ ತರಗತಿಗೆ ಅದು ಧಾರಾಳ ಸಾಕು.

ಇಬ್ಬರು_ಮಕ್ಕಳ_ತಂದೆ
ನಾನು ಪೋಷಕ, ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯನೂ ಹೌದು. ನಿಮ್ಮ ಹೆಡ್‌ಮಾಸ್ಟರ್ ಹೇಳಿದ್ದರಲ್ಲಿ ತಪ್ಪೇನಿದೆ ಅಂತ ಕೇಳುತ್ತೇನೆ. ಐವತ್ತು ಮಕ್ಕಳು, ಒಬ್ಬ ಟೀಚರ್, ನೀರಿಲ್ಲ. ಒಂದು ಹುಡುಗಿಯ ಮುಖಕ್ಕೆ ಆಸಿಡ್ ಸಿಡಿದರೆ ಆ ಮನೆಯವರ ಗತಿ ಏನು? ಮಾರ್ಕ್ಸ್‌ಗೆ ಹೇಗೂ ಥಿಯರಿ ಸಾಕು. ವಿಡಿಯೋ ಚೆನ್ನಾಗೇ ಇರುತ್ತವೆ ಈಗ.

ಬಿಎಸ್ಸಿ_ಎರಡನೇ_ವರ್ಷ
@ಇಬ್ಬರು_ಮಕ್ಕಳ_ತಂದೆ ಅಂಕಲ್, ನಾನು ಹಾಗೆ ವಿಡಿಯೋ ನೋಡಿಯೇ 10ನೇ ತರಗತಿ ಪಾಸಾದವಳು. ಪಿಯುಸಿ ಸೈನ್ಸ್ ತಗೊಂಡ ಮೇಲೆ ಲ್ಯಾಬ್‌ನಲ್ಲಿ ಸೀದಾ ಬ್ಯೂರೆಟ್, ಪಿಪೆಟ್ (ದ್ರಾವಣ ಅಳೆಯುವ ಗಾಜಿನ ಕೊಳವೆಗಳು), ಸಾಲ್ಟ್ ಅನಾಲಿಸಿಸ್. ದ್ವಿತೀಯ ಪಿಯುಸಿಯಲ್ಲಿ ಪ್ರಾಕ್ಟಿಕಲ್‌ಗೆ 30 ಅಂಕ. ನಮ್ಮ ಬ್ಯಾಚಿನಲ್ಲಿ ಅರ್ಧ ಜನಕ್ಕೆ ಟೆಸ್ಟ್ ಟ್ಯೂಬ್ ಬಿಸಿ ಮಾಡುವಾಗ ಅದರ ಬಾಯಿ ಯಾರ ಕಡೆಗೂ ಇರಬಾರದು ಅನ್ನೋದೇ ಗೊತ್ತಿರಲಿಲ್ಲ. ಒಬ್ಬ ಪಿಪೆಟ್‌ಗೆ ಬಾಯಿ ಹಾಕಿ ಎಳೆದ, ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಬಾಯೊಳಗೆ ಹೋಯಿತು. ನಾಲಿಗೆ ಸುಟ್ಟು ವಾರಗಟ್ಟಲೆ ಗಂಜಿ ಕುಡಿದ. ಚಿಕ್ಕ ವಯಸ್ಸಲ್ಲಿ ಸಣ್ಣ ಪ್ರಯೋಗಗಳಿಂದ ಕಲಿಯದೇ ಹೋದರೆ ದೊಡ್ಡ ಆಸಿಡ್ ಬಾಟಲಿ ಮುಂದೆ ನಿಂತಾಗ ಕಲಿಯೋಕೆ ಟೈಮ್ ಇರಲ್ಲ.

ಇಬ್ಬರು_ಮಕ್ಕಳ_ತಂದೆ
ಸರಿ, ಮಾಡಿಸಿ. ಆದರೆ ನೀರಿಲ್ಲದ ರೂಮಿನಲ್ಲಿ ಬೇಡ. ಇಷ್ಟು ಕೇಳೋ ಹಕ್ಕು ನನಗಿದೆ ಅಲ್ವಾ?

ಕಣ್ಣಿನ_ಡಾಕ್ಟ್ರು
ಖಂಡಿತ ಇದೆ ಸರ್. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನೀರಿಲ್ಲದೆ ಕೆಮಿಸ್ಟ್ರಿ ಬೇಡ.

ಎಲ್ಲರೂ ಆಸಿಡ್‌ಗೆ ಹೆದರುತ್ತಾರೆ. ಕಣ್ಣಿನ ಮಟ್ಟಿಗೆ ಕ್ಷಾರ ಇನ್ನೂ ಅಪಾಯ. ಆಸಿಡ್ ಬಿದ್ದಾಗ ಕಣ್ಣಿನ ಮೇಲ್ಪದರದ ಪ್ರೋಟೀನ್ ಹೆಪ್ಪುಗಟ್ಟಿ ಒಂದು ಮಟ್ಟಿಗೆ ತಡೆ ಆಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್, ಅಮೋನಿಯ, ಸುಣ್ಣ ಇವು ಕೊಬ್ಬನ್ನು ಕರಗಿಸಿಕೊಂಡು ಒಳಕ್ಕೆ ಇಳಿಯುತ್ತಲೇ ಇರುತ್ತವೆ. ಎಲೆ ಅಡಿಕೆಗೆ ಬರೋ ಸುಣ್ಣದ ಪ್ಯಾಕೆಟ್ ಹಿಚುಕಿ ಕಣ್ಣಿಗೆ ಸಿಡಿಸಿಕೊಂಡ ಪುಟ್ಟ ಮಕ್ಕಳನ್ನು ನಾವು ನೋಡುತ್ತೇವೆ. ಕೆಲವರಿಗೆ ದೃಷ್ಟಿ ವಾಪಸ್ ಬರಲ್ಲ. ನಿಮ್ಮ 10ನೇ ತರಗತಿ ಪುಸ್ತಕದ ಮೊದಲ ಪಾಠದಲ್ಲೇ ಸುಟ್ಟ ಸುಣ್ಣಕ್ಕೆ ನೀರು ಹಾಕೋ ಚಟುವಟಿಕೆ ಇದೆ. ಬೀಕರ್ ಮುಟ್ಟಿ ಬಿಸಿ ನೋಡಿ ಅಂತಾರೆ. ನೀರು ಕುದಿದು ಸುಣ್ಣದ ಹನಿ ಮೇಲಕ್ಕೆ ಹಾರುತ್ತದೆ, ಮಕ್ಕಳು ಬಗ್ಗಿ ನೋಡುತ್ತಿರುತ್ತಾರೆ. ಆ ಚಟುವಟಿಕೆಗೆ ಗಾಗಲ್ಸ್ ಬೇಕೇ ಬೇಕು.

ಕಣ್ಣಿಗೆ ಏನೇ ಬಿದ್ದರೂ ತಕ್ಷಣ ನೀರು. ರೆಪ್ಪೆ ಬಿಡಿಸಿ ಹಿಡಿದು, ಕಡಿಮೆ ಅಂದರೆ 15ರಿಂದ 20 ನಿಮಿಷ, ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವ ಹಾಗೆ. ಆಮೇಲೆ ಆಸ್ಪತ್ರೆ. ಮೊದಲು ಆಟೋ ಹುಡುಕಿ ಓಡಿ ಬರುವವರೇ ಜಾಸ್ತಿ. ಆ ಇಪ್ಪತ್ತು ನಿಮಿಷ ದಾರಿಯಲ್ಲೇ ಕಳೆದುಹೋಗುತ್ತದೆ, ಕಣ್ಣೂ ಅಲ್ಲೇ ಹೋಗುತ್ತದೆ.

ಗೊಬ್ಬರದಂಗಡಿ
ಆಸಿಡ್ ಬಿದ್ದರೆ ಅಡುಗೆ ಸೋಡಾ ಹಚ್ಚಬೇಕು ಅಂತ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನೀರಿಗಿಂತ ಅದು ಬೇಗ ಅಲ್ವಾ?

ಕಣ್ಣಿನ_ಡಾಕ್ಟ್ರು
ಬೇಡ. ಮೈಮೇಲೆ, ಕಣ್ಣಲ್ಲಿ ಸೋಡಾ ಬೇಡ, ನಿಂಬೆಹುಳಿ ಬೇಡ, ವಿನೆಗರ್ ಬೇಡ. ಎರಡೂ ಸೇರಿದಾಗ ಬಿಸಿ ಹುಟ್ಟಿ ಗಾಯದ ಮೇಲೆ ಇನ್ನೊಂದು ಗಾಯ. ನೀರು ಮಾತ್ರ, ಧಾರಾಳವಾಗಿ. ಬಟ್ಟೆಗೆ ಬಿದ್ದಿದ್ದರೆ ನಾಚಿಕೆ ನೋಡದೆ ಬಟ್ಟೆ ತೆಗೆಸಿ. ಹುಡುಗಿಯರ ವಿಷಯದಲ್ಲಿ ಇದಕ್ಕೇ ತಡ ಆಗುತ್ತದೆ. ಒಂದು ಪರದೆ, ಒಂದು ನೈಟಿ ಲ್ಯಾಬ್‌ನಲ್ಲೇ ಇಟ್ಟಿರಿ.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
ಸೋಡಾ ಇರೋದು ಮೇಜಿನ ಮೇಲೆ, ನೆಲದ ಮೇಲೆ ಚೆಲ್ಲಿದ ಆಸಿಡ್‌ಗೆ. ಅಂಚಿನಿಂದ ಒಳಕ್ಕೆ ಉದುರಿಸುತ್ತಾ ಬನ್ನಿ, ಬುರುಗು ನಿಂತ ಮೇಲೆ ಒರೆಸಿ.

ನೀರಿನ ಬಗ್ಗೆ: ನಲ್ಲಿ ಸರಿಯಾಗೋವರೆಗೆ ನಲ್ಲಿ ಇರುವ ದೊಡ್ಡ ಡ್ರಮ್ ಒಂದನ್ನು ಕಟ್ಟೆಯ ಮೇಲೆ ಕೂರಿಸಿ, ನಲ್ಲಿಗೆ ಮೆತ್ತನೆಯ ಪೈಪ್ ಹಾಕಿ. ಪ್ರಾಕ್ಟಿಕಲ್ ಇರುವ ದಿನ ಬೆಳಿಗ್ಗೆ ಹೊಸ ನೀರು ತುಂಬಿಸಿ. ಇಪ್ಪತ್ತು ನಿಮಿಷ ಹರಿಯೋವಷ್ಟು ನೀರು ಅದರಲ್ಲಿ ಇರಲೇಬೇಕು. ಬಕೆಟ್ಟಿನಿಂದ ಚೊಂಬಿನಲ್ಲಿ ಹೊಯ್ಯೋದು ಕೊನೆಯ ದಾರಿ.

ಬಳ್ಳಾರಿ_ಬಿಸಿಲು
ಆಸಿಡ್, ನೀರು ಬೆರೆಸಿ ಡೈಲ್ಯೂಟ್ ಆಸಿಡ್ ಮಾಡುವಾಗ ಯಾವುದಕ್ಕೆ ಯಾವುದು ಹಾಕಬೇಕು ಅಂತ ನನಗೆ ಇವತ್ತಿಗೂ ಗೊಂದಲ. ಎರಡೂ ಒಂದೇ ಅಲ್ವಾ ಕೊನೆಗೆ?

ಬಿಎಸ್ಸಿ_ಎರಡನೇ_ವರ್ಷ
ಒಂದೇ ಅಲ್ಲ ಸರ್! ನೀರಿಗೆ ಆಸಿಡ್. ಯಾವತ್ತೂ ಹಾಗೇ.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
@ಬಳ್ಳಾರಿ_ಬಿಸಿಲು ಕಾರಣ ತಿಳಿದರೆ ಗೊಂದಲ ಇರಲ್ಲ. ಗಾಢ ಸಲ್ಫ್ಯೂರಿಕ್ ಆಸಿಡ್‌ನ ಸಾಂದ್ರತೆ 1.84, ಅಂದರೆ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಅದರ ಮೇಲೆ ನೀರು ಹಾಕಿದರೆ ನೀರು ಮೇಲೇ ತೇಲುತ್ತದೆ. ಎರಡೂ ಸೇರುವ ಜಾಗದಲ್ಲಿ ಹುಟ್ಟುವ ಶಾಖವೆಲ್ಲ ಆ ತೆಳ್ಳನೆ ನೀರಿನ ಪದರಕ್ಕೇ ಹೋಗಿ ಅದು ತಕ್ಷಣ ಕುದಿಯುತ್ತದೆ, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಆಸಿಡ್ ಸಮೇತ ಎರಚುತ್ತದೆ. ನೀರಿಗೆ ಆಸಿಡ್ ಹಾಕಿದರೆ ಆಸಿಡ್ ಕೆಳಗಿಳಿಯುತ್ತಾ ಬೆರೆಯುತ್ತದೆ, ಶಾಖ ಇಡೀ ನೀರಿಗೆ ಹಂಚಿಹೋಗುತ್ತದೆ. ಸ್ವಲ್ಪ ಸ್ವಲ್ಪವೇ, ಗಾಜಿನ ಕಡ್ಡಿಯಲ್ಲಿ ಕಲಕುತ್ತಾ, ಹೊರಗಿನಿಂದ ತಣ್ಣೀರಲ್ಲಿ ಬೀಕರ್ ಇಟ್ಟುಕೊಂಡು ಮಾಡಿ.

ಈ ಕೆಲಸ ಟೀಚರ್‌ದು, ಮಕ್ಕಳು ಬರೋ ಮೊದಲೇ ಮುಗಿದಿರಬೇಕು. ಗಾಢ ಆಸಿಡ್ ಇರುವ ಬಾಟಲಿ ಮಕ್ಕಳ ಮೇಜಿಗೆ ಬರಲೇಬಾರದು. ಹೈಸ್ಕೂಲ್ ಪ್ರಯೋಗಗಳಿಗೆ ಡೈಲ್ಯೂಟ್ ಆಸಿಡ್ ಸಾಕು.

ಲ್ಯಾಬ್_ಅಟೆಂಡರ್
ನಾನು ಖಾಸಗಿ ಕಾಲೇಜೊಂದರಲ್ಲಿ ಲ್ಯಾಬ್ ಅಟೆಂಡರ್. ಯಾರೂ ನಮ್ಮನ್ನು ಕೇಳಲ್ಲ, ಆದರೆ ಬಾಟಲಿ ಎತ್ತೋದು, ತೊಳೆಯೋದು ನಾವೇ. ನಮ್ಮಲ್ಲಿ ಹಿಂದೆ ಒಬ್ಬರು ಆಸಿಡ್‌ಅನ್ನು ಕೂಲ್‌ಡ್ರಿಂಕ್ಸ್ ಬಾಟಲಿಗೆ ತುಂಬಿ ಸಿಂಕ್ ಕೆಳಗೆ ಇಟ್ಟಿದ್ದರು. ಬಿಸಿಲಿಗೆ ಬಂದ ಪೇಂಟರ್ ಹುಡುಗ ಕುಡಿಯೋಕೆ ಅಂತ ಎತ್ತಿದ್ದ. ಪುಣ್ಯಕ್ಕೆ ವಾಸನೆಗೆ ಬಿಟ್ಟ. ತಿನ್ನೋ ಕುಡಿಯೋ ಬಾಟಲಿ, ಡಬ್ಬಿ ಯಾವುದೂ ಲ್ಯಾಬ್ ಒಳಗೆ ಬರಬಾರದು, ಲ್ಯಾಬ್ ಬಾಟಲಿ ಹೊರಗೆ ಹೋಗಬಾರದು.

ಇನ್ನೊಂದು. ಸಿಂಕ್ ತೊಳೆಯುವಾಗ ಬ್ಲೀಚಿಂಗ್ ಪೌಡರ್ ಹಾಕಿ ಅದರ ಮೇಲೆ ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಹಾಕಬೇಡಿ. ಕ್ಲೋರಿನ್ ಬರುತ್ತದೆ. ಬಾಗಿಲು ಮುಚ್ಚಿದ ರೂಮಲ್ಲಿ ಉಸಿರು ಕಟ್ಟುತ್ತದೆ. ನಮಗೆ ಇದನ್ನು ಯಾವ ಟೀಚರೂ ಹೇಳಿರಲಿಲ್ಲ. ನಿಮ್ಮ ಗ್ರೂಪ್ ಡಿ ನೌಕರರನ್ನೂ ಕೂರಿಸಿ ಹೇಳಿ ಮೇಡಂ.

ವಿಜ್ಞಾನ_ಟೀಚರ್_ಹಾವೇರಿ
ತುಂಬಾ ಉಪಕಾರ ಅಣ್ಣಾ. ನಿಮ್ಮ ಮಾತು ನಾಳೆಯೇ ಹೇಳುತ್ತೇನೆ. ನಮ್ಮಲ್ಲಿ ಬಿಸಿಯೂಟದ ಅಕ್ಕಂದಿರು ಕೂಡ ನೀರು ಹಿಡಿಯೋಕೆ ಲ್ಯಾಬ್ ಪಕ್ಕಕ್ಕೆ ಬರುತ್ತಾರೆ, ಅವರಿಗೂ ಹೇಳಬೇಕು.

ವಕೀಲ_ಮಿತ್ರ
ಯಾರೂ ಕಾನೂನಿನ ವಿಷಯ ಎತ್ತಲಿಲ್ಲ. 2013ರ ಜುಲೈ 18ರಂದು, ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸಿಡ್ ಮಾರಾಟದ ಬಗ್ಗೆ ಆದೇಶ ಕೊಟ್ಟಿತು. ಅದರಲ್ಲಿ ಆಸಿಡ್ ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆಗಳಿಗೂ ಷರತ್ತು ಇದೆ. ಬಳಕೆಯ ರಿಜಿಸ್ಟರ್ ಇಟ್ಟು ಅದನ್ನು ಎಸ್‌ಡಿಎಂಗೆ, ಅಂದರೆ ನಮ್ಮಲ್ಲಿ ಎಸಿ (ಉಪವಿಭಾಗಾಧಿಕಾರಿ) ಸಾಹೇಬರಿಗೆ ಸಲ್ಲಿಸಬೇಕು. ಒಬ್ಬರನ್ನು ಜವಾಬ್ದಾರರನ್ನಾಗಿ ಮಾಡಬೇಕು. ಲ್ಯಾಬ್‌ನಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು. ಹೆಡ್‌ಮಾಸ್ಟರ್ ಬೀಗ ಹಾಕಿ ಕೂತರೆ ಜವಾಬ್ದಾರಿ ತಪ್ಪಲ್ಲ. ಆಸಿಡ್ ಒಳಗಿದೆ, ರಿಜಿಸ್ಟರ್ ಇಲ್ಲ ಅಂದರೆ ಅದೇ ತಪ್ಪು.

ಬೆಂಕಿಯ ವಿಷಯಕ್ಕೂ ತೀರ್ಪು ಇದೆ. 2004ರಲ್ಲಿ ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆ ಬೆಂಕಿ ಸೋಗೆ ಚಾವಣಿಗೆ ಹತ್ತಿ 90ಕ್ಕೂ ಹೆಚ್ಚು ಮಕ್ಕಳು ಸತ್ತರಲ್ಲ, ಅದರ ನಂತರ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ 2009ರಲ್ಲಿ ಶಾಲೆಗಳಲ್ಲಿ ಬೆಂಕಿ ಆರಿಸುವ ಸಾಧನ ಇರಬೇಕು, ಅದನ್ನು ಬಳಸಲು ಶಿಕ್ಷಕರಿಗೆ ತರಬೇತಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ಅರ್ಜಿಯಲ್ಲಿ ಬರೆದು ಎಸ್‌ಡಿಎಂಸಿ ಮುಂದೆ ಇಡಿ, ದುಡ್ಡು ಕೇಳೋಕೆ ಬಲ ಬರುತ್ತದೆ.

ಇಬ್ಬರು_ಮಕ್ಕಳ_ತಂದೆ
ಈ ರಿಜಿಸ್ಟರ್ ವಿಷಯ ನಮಗೆ ಗೊತ್ತೇ ಇರಲಿಲ್ಲ. ನಮ್ಮ ಶಾಲೆಯಲ್ಲೂ ಕೇಳುತ್ತೇನೆ.

ನಿವೃತ್ತ_ಫೈರ್‌ಮ್ಯಾನ್
ಬೆಂಕಿ ಆರಿಸೋ ಸಿಲಿಂಡರ್ ಗೋಡೆಗೆ ನೇತುಹಾಕಿದರೆ ಆಗಲಿಲ್ಲ. ಮುಳ್ಳು ಹಸಿರು ಗೆರೆಯಲ್ಲಿ ಇದೆಯಾ, ಪಿನ್ ಇದೆಯಾ ತಿಂಗಳಿಗೊಮ್ಮೆ ನೋಡಿ. ಬಾಗಿಲ ಹತ್ತಿರ ಇಡಿ, ಬೀರುವಿನ ಹಿಂದೆ ಅಲ್ಲ. ಹಿಡಿಯೋದು ಜ್ವಾಲೆಯ ಬುಡಕ್ಕೆ. ಎರಡು ಬಕೆಟ್ ಒಣ ಮರಳು ಇರಲೇಬೇಕು. ಸೋಡಿಯಂಗೆ ಬೆಂಕಿ ಹತ್ತಿದರೆ ನೀರೂ ಹಾಕಬಾರದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಕೆಲಸಕ್ಕೆ ಬರಲ್ಲ, ಒಣ ಮರಳೇ ಗತಿ. ಒಂದು ಹಳೆ ಉಲ್ಲನ್ ಕಂಬಳಿ ಇಡಿ. ಸಿಂಥೆಟಿಕ್ ಬ್ಲಾಂಕೆಟ್ ಬೇಡ, ಅದು ಕರಗಿ ಮೈಗೆ ಅಂಟುತ್ತದೆ. ಮೈಗೆ ಬೆಂಕಿ ಹತ್ತಿದವರು ಓಡಬಾರದು, ನೆಲಕ್ಕೆ ಬಿದ್ದು ಉರುಳಬೇಕು. ಇದನ್ನು ಮಕ್ಕಳ ಕೈಲಿ ಮೈದಾನದಲ್ಲಿ ಒಮ್ಮೆ ಮಾಡಿಸಿ, ಅವರಿಗೆ ಆಟವೂ ಆಗುತ್ತದೆ.

ಮತ್ತೆ ಪ್ರಯೋಗದಲ್ಲಿ ಕಾಯಿಸಲು ಬಳಸುವ ಸ್ಪಿರಿಟ್ ಲ್ಯಾಂಪ್. ಆರಿಸಲು ಬಾಯಿಂದ ಊದಬಾರದು, ಮುಚ್ಚಳ ಹಾಕಬೇಕು. ಒಂದು ಲ್ಯಾಂಪಿನಿಂದ ಇನ್ನೊಂದನ್ನು ವಾಲಿಸಿ ಹಚ್ಚಬಾರದು. ಉರಿಯುವ ಅಥವಾ ಇನ್ನೂ ಬಿಸಿ ಇರುವ ಲ್ಯಾಂಪಿಗೆ ಸ್ಪಿರಿಟ್ ತುಂಬಲೇಬಾರದು. ಹಗಲಿನಲ್ಲಿ ಸ್ಪಿರಿಟ್ ಜ್ವಾಲೆ ಕಣ್ಣಿಗೆ ಕಾಣದೇ ಇರಬಹುದು. ಆರಿದೆ ಅಂದುಕೊಂಡು ಕ್ಯಾನ್ ಬಗ್ಗಿಸಿದರೆ ಬೆಂಕಿ ಕ್ಯಾನಿನೊಳಗೆ ನುಗ್ಗುತ್ತದೆ.

ಅಮೆರಿಕದ_ಅತ್ತಿಗೆ
ಇದು ಇಲ್ಲೂ ಆಗಿದೆ. 2014ರ ಜನವರಿಯಲ್ಲಿ ನ್ಯೂಯಾರ್ಕಿನ ಒಂದು ಹೈಸ್ಕೂಲಿನಲ್ಲಿ ಲವಣಗಳ ಬಣ್ಣದ ಜ್ವಾಲೆ ತೋರಿಸುವಾಗ ದೊಡ್ಡ ಬಾಟಲಿಯಿಂದ ಮೆಥನಾಲ್ ಹಾಕಲು ಹೋಗಿ ಬೆಂಕಿ ಚಿಮ್ಮಿ ವಿದ್ಯಾರ್ಥಿಗೆ ತೀವ್ರ ಸುಟ್ಟಗಾಯ ಆಯಿತು. ಇಲ್ಲಿನ ಕೆಮಿಕಲ್ ಸೇಫ್ಟಿ ಬೋರ್ಡ್ ಅದೇ ವರ್ಷ ಶಾಲೆಗಳಿಗೆ ಎಚ್ಚರಿಕೆ ಪತ್ರ ಹೊರಡಿಸಿತು. ದೊಡ್ಡ ಕ್ಯಾನ್ ಪ್ರಯೋಗ ನಡೆಯುವ ರೂಮಿಗೇ ಬರಬಾರದು. ಅದೇ ಬಣ್ಣಗಳನ್ನು ಲವಣದ ನೀರಲ್ಲಿ ನೆನೆಸಿದ ಮರದ ಕಡ್ಡಿಯನ್ನು ಜ್ವಾಲೆಗೆ ಹಿಡಿದೂ ತೋರಿಸಬಹುದು.

ಗೊಬ್ಬರದಂಗಡಿ
ನಮ್ಮ ಕಡೆ ಫೆಬ್ರವರಿ 28, ವಿಜ್ಞಾನ ದಿನ ಬಂದರೆ ಶಾಲೆಗಳಲ್ಲಿ ಜ್ವಾಲಾಮುಖಿ ಮಾಡುತ್ತಾರಲ್ಲ, ಕಿತ್ತಳೆ ಪುಡಿಗೆ ಬೆಂಕಿ ಹಚ್ಚಿ, ಅದು ಪರವಾಗಿಲ್ವಾ? ಮಗಳು ಈ ಸಲ ಮಾಡಬೇಕು ಅಂತ ಕುಣಿಯುತ್ತಿದ್ದಾಳೆ.

ಬಿಎಸ್ಸಿ_ಎರಡನೇ_ವರ್ಷ
ಬೇಡ ಸರ್. ಆ ಪುಡಿ ಅಮೋನಿಯಂ ಡೈಕ್ರೋಮೇಟ್, ಅದರ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಹಾರುವ ಬೂದಿಯಲ್ಲಿ ಸುಡದೇ ಉಳಿದದ್ದೂ ಇರುತ್ತದೆ, ಅದು ಮಕ್ಕಳ ಮೂಗಿಗೆ. ಅಡುಗೆ ಸೋಡಾ, ವಿನೆಗರ್, ಸ್ವಲ್ಪ ಸೋಪು ನೀರು, ಕೆಂಪು ಬಣ್ಣ. ಅದೂ ಚೆನ್ನಾಗಿ ಉಕ್ಕುತ್ತದೆ.

ಯಾರಾದರೂ ಪೊಟ್ಯಾಸಿಯಂ ಪರ್ಮಾಂಗನೇಟ್‌ಗೆ ಗಾಢ ಸಲ್ಫ್ಯೂರಿಕ್ ಆಸಿಡ್ ಹಾಕಿ ಬೆಂಕಿ ತೋರಿಸುತ್ತೇನೆ ಅಂದರೆ ಅಲ್ಲಿಂದ ಮಕ್ಕಳನ್ನು ಕರೆದುಕೊಂಡು ಬನ್ನಿ. ಅದು ಸ್ಫೋಟಕ.

ಫಿಸಿಕ್ಸ್_ಪ್ರೇಮಿ
ಎಲ್ಲರೂ ಕೆಮಿಸ್ಟ್ರಿನೇ ಹೇಳ್ತಿದ್ದೀರಿ. ವಿದ್ಯುತ್ ಪ್ರಯೋಗಕ್ಕೆ ಡ್ರೈಸೆಲ್ ಬಳಸಿ ಮೇಡಂ, 230 ವೋಲ್ಟ್‌ನ ಪ್ಲಗ್ಗಿನಿಂದ ವೈರ್ ಎಳೆದು ಬಲ್ಬ್ ಹಚ್ಚೋದು ಬೇಡವೇ ಬೇಡ. ಓಮನ ನಿಯಮಕ್ಕೆ 1.5 ವೋಲ್ಟ್‌ನ ನಾಲ್ಕು ಸೆಲ್ ಸಾಕು. ಪೀನ ಮಸೂರದಿಂದ ಬಿಸಿಲು ಹಿಡಿದು ಕಾಗದ ಸುಡುವಾಗ ಒಬ್ಬ ಹುಡುಗನಾದರೂ ಆ ಮಸೂರದಲ್ಲಿ ಸೂರ್ಯನನ್ನು ನೋಡಲು ಹೋಗುತ್ತಾನೆ, ಮೊದಲೇ ಹೇಳಿಬಿಡಿ.

ಬಯಾಲಜಿ_ಅಕ್ಕ
ಅದೇ ಥರ ಬ್ಲಡ್ ಗ್ರೂಪ್ ನೋಡುವಾಗ ಒಂದೇ ಸೂಜಿಯಲ್ಲಿ ಇಡೀ ಕ್ಲಾಸಿಗೆ ಚುಚ್ಚೋದು ಇನ್ನೂ ಕೆಲವು ಕಡೆ ಇದೆ. ಹೆಪಟೈಟಿಸ್ ಬಿ, ಎಚ್‌ಐವಿ ಎರಡೂ ಹೀಗೆ ಹರಡುತ್ತವೆ. ಆರೋಗ್ಯ ಇಲಾಖೆಯವರ ಕ್ಯಾಂಪ್ ಬಂದಾಗ ಮಾಡಿಸಿ.

ಲೆಸ್ಟರ್_ಕನ್ನಡತಿ
ನಾನು ಇಂಗ್ಲೆಂಡಿನಲ್ಲಿ ಶಾಲಾ ಲ್ಯಾಬ್ ಟೆಕ್ನಿಷಿಯನ್. ಇಲ್ಲಿ ಶಾಲೆಗಳಿಗೆ ಪ್ರಾಕ್ಟಿಕಲ್ ಸುರಕ್ಷತೆ ಬಗ್ಗೆ ಸಲಹೆ ಕೊಡಲು ಕ್ಲೀಪ್ಸ್ ಅಂತ ಒಂದು ಸಂಸ್ಥೆ ಇದೆ. ಅವರು ಬಹಳ ಒತ್ತಿ ಹೇಳುವ ಒಂದು ದಾರಿ ನಿಮಗೆ ಸರಿಹೋಗುತ್ತದೆ ಅನಿಸುತ್ತದೆ: ಅಳತೆ ಕಡಿಮೆ ಮಾಡೋದು.

ಲೆಡ್ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿದರೆ ಹಳದಿ ಬರುತ್ತದಲ್ಲ, ಅದಕ್ಕೆ ಟೆಸ್ಟ್ ಟ್ಯೂಬ್ ತುಂಬ ದ್ರಾವಣ ಬೇಕಾಗಿಲ್ಲ. ಒಂದು ಪ್ಲಾಸ್ಟಿಕ್ ಹಾಳೆ, ಅದರ ಕೆಳಗೆ ಬಿಳಿ ಕಾಗದ, ಡ್ರಾಪರ್‌ನಿಂದ ಒಂದೊಂದು ಹನಿ. ಬಣ್ಣ ಟೆಸ್ಟ್ ಟ್ಯೂಬಿಗಿಂತ ಚೆನ್ನಾಗಿ ಕಾಣುತ್ತದೆ. ಬೇರಿಯಂ ಕ್ಲೋರೈಡ್ ಪ್ರಯೋಗವೂ ಹೀಗೇ. ಐವತ್ತು ಮಕ್ಕಳಿಗೆ ಅಂಗೈಯಷ್ಟು ಬಾಟಲಿ ದ್ರಾವಣ ಸಾಕು, ದುಡ್ಡೂ ಉಳಿಯುತ್ತದೆ. ಸಿಡಿದರೂ ಒಂದೇ ಹನಿ. ಕೊನೆಗೆ ಟಿಶ್ಯೂನಲ್ಲಿ ಒರೆಸಿ, ಸೀಸದ್ದು ಬೇರೆ ಡಬ್ಬಿಗೆ. ಸಿಂಕಿಗೆ ಬೇಡ.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
ಹನಿಯಲ್ಲಿ ಮಾಡಿದರೆ ಮಕ್ಕಳಿಗೆ ಟೆಸ್ಟ್ ಟ್ಯೂಬ್ ಹಿಡಿಯೋ ಅಭ್ಯಾಸ ಯಾವಾಗ ಆಗೋದು? ಪಿಯುಸಿಗೆ ಹೋದಾಗ ಮತ್ತೆ ಅದೇ ಕಥೆ.

ಲೆಸ್ಟರ್_ಕನ್ನಡತಿ
ಟೆಸ್ಟ್ ಟ್ಯೂಬ್ ಹಿಡಿಯೋದನ್ನು ನೀರು ಬಿಸಿ ಮಾಡಿ ಕಲಿಸಿ ಸರ್, ಸೀಸದ ದ್ರಾವಣದಿಂದಲೇ ಕಲಿಸಬೇಕಾ? ಹೋಲ್ಡರ್ ಹಿಡಿಯೋದು, ಬಾಯಿ ಗೋಡೆ ಕಡೆ ತಿರುಗಿಸೋದು, ಮೂರನೇ ಒಂದು ಭಾಗಕ್ಕಿಂತ ಕಡಿಮೆ ತುಂಬೋದು, ಅಲ್ಲಾಡಿಸುತ್ತಾ ಕಾಯಿಸೋದು ಎಲ್ಲವೂ ನೀರಲ್ಲೇ ಬರುತ್ತದೆ.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
ಇದನ್ನು ಒಪ್ಪುತ್ತೇನೆ. ಮೊದಲ ಕ್ಲಾಸ್ ಪೂರ್ತಿ ನೀರಲ್ಲೇ ಮಾಡಿಸಿ ಮೇಡಂ.

ವಿಜ್ಞಾನ_ಟೀಚರ್_ಹಾವೇರಿ
ಹನಿ ಪ್ರಯೋಗ ನಾನೊಬ್ಬಳೇ ಮಾಡಿ ನೋಡಿದೆ, ಬಹಳ ಚೆನ್ನಾಗಿದೆ. ಈಗ ಬಿಸಿ ಮಾಡುವ ಪ್ರಯೋಗಗಳ ಬಗ್ಗೆ ಹೇಳಿ. ಫೆರಸ್ ಸಲ್ಫೇಟ್, ಲೆಡ್ ನೈಟ್ರೇಟ್ ಎರಡೂ ಪುಸ್ತಕದಲ್ಲಿವೆ. ಮೆಗ್ನೀಸಿಯಂ ಕೂಡ.

ಧಾರವಾಡದ_ಕೆಮಿಸ್ಟ್ರಿ_ಮೇಷ್ಟ್ರು
ಲೆಡ್ ನೈಟ್ರೇಟ್ ಕಾಯಿಸಿದಾಗ ಬರೋ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದರ ಮೋಸ ಏನೆಂದರೆ ಉಸಿರಿಗೆ ಹೋದ ತಕ್ಷಣ ದೊಡ್ಡದಾಗಿ ಏನೂ ಅನಿಸದೇ ಇರಬಹುದು, ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಮಕ್ಕಳ ಕೈಲಿ ಬೇಡವೇ ಬೇಡ. ತೋರಿಸಲೇಬೇಕು ಅಂದರೆ ಚಿಟಿಕೆಯಷ್ಟು, ಹೊರಗೆ ಜಗಲಿಯಲ್ಲಿ, ನೀವೊಬ್ಬರೇ, ಗಾಳಿ ಮಕ್ಕಳ ಕಡೆಯಿಂದ ಬೀಸುವ ಹಾಗೆ ನಿಂತು. ವಿಭಜನೆ ಕ್ರಿಯೆ ಅರ್ಥ ಆಗೋಕೆ ಮಕ್ಕಳಿಗೆ ಕಾಪರ್ ಕಾರ್ಬೊನೇಟ್ ಕೊಡಿ. ಹಸಿರು ಪುಡಿ ಕಪ್ಪಾಗುತ್ತದೆ, ಬರೋದು ಕಾರ್ಬನ್ ಡೈಆಕ್ಸೈಡ್, ಸುಣ್ಣದ ತಿಳಿನೀರಿಗೆ ಹಾಯಿಸಿದರೆ ಬೆಳ್ಳಗಾಗುತ್ತದೆ.

ಫೆರಸ್ ಸಲ್ಫೇಟ್ ಕಾಯಿಸಿದರೆ ಸಲ್ಫರ್ ಡೈಆಕ್ಸೈಡ್ ಇರುವ, ಸುಟ್ಟ ಗಂಧಕದ ವಾಸನೆಯ ಹೊಗೆ. ಪುಸ್ತಕ ವಾಸನೆ ಗಮನಿಸಿ ಅನ್ನುತ್ತದೆ. ಟ್ಯೂಬಿಗೆ ಮೂಗು ಹಿಡಿಯಬಾರದು, ಕೈಯಿಂದ ಸ್ವಲ್ಪ ಗಾಳಿ ಮೂಗಿನ ಕಡೆ ಬೀಸಿಕೊಳ್ಳಬೇಕು. ಕ್ಲಾಸಿನಲ್ಲಿ ಅಸ್ತಮಾ ಇರುವ ಮಗು ಇದೆಯಾ ಮೊದಲೇ ಕೇಳಿ, ಆ ಮಗುವಿಗೆ ಈ ವಾಸನೆ ಬೇಡ.

ಮೆಗ್ನೀಸಿಯಂ ಪಟ್ಟಿ ಎರಡು ಸೆಂಟಿಮೀಟರ್ ಸಾಕು, ಇಕ್ಕಳದಲ್ಲಿ ಹಿಡಿದು ಉರಿಸಿ. ಆ ಬೆಳಕಿನಲ್ಲಿ ನೇರಳಾತೀತ ಕಿರಣ ಇರುತ್ತದೆ, ದಿಟ್ಟಿಸಿ ನೋಡಬಾರದು, ಪಕ್ಕದ ಗೋಡೆ ನೋಡಲಿ. ಅಂದ ಹಾಗೆ ಕಾಯಿಸುವಾಗ ಬೀಕರ್ ಕೆಳಗೆ ಇಡುವ ನಿಮ್ಮ ಹಳೇ ತಂತಿ ಜಾಲರಿಯ ಮಧ್ಯೆ ಬಿಳಿ ಬಿಲ್ಲೆ ಉದುರುತ್ತಿದ್ದರೆ ಅದು ಆಸ್ಬೆಸ್ಟಾಸ್ ಇರಬಹುದು. ಒದ್ದೆ ಮಾಡಿ, ಎರಡು ಪ್ಲಾಸ್ಟಿಕ್ ಕವರ್ ಒಳಗೆ ಕಟ್ಟಿ ಪಕ್ಕಕ್ಕಿಡಿ, ಸೆರಾಮಿಕ್ ಬಿಲ್ಲೆಯದು ತನ್ನಿ.

ಕರಾವಳಿ_ಹುಡುಗ
ಜಡೆ! ಹುಡುಗಿಯರ ಜಡೆ, ದುಪಟ್ಟಾ, ಹುಡುಗರ ಟೈ ಯಾರೂ ಹೇಳಲಿಲ್ಲ. ಜಡೆ ಹಿಂದಕ್ಕೆ ಕಟ್ಟಲಿ, ದುಪಟ್ಟಾ ತೆಗೆದಿಟ್ಟು ಬರಲಿ ಅಥವಾ ಸೊಂಟಕ್ಕೆ ಬಿಗಿಯಾಗಿ ಸುತ್ತಲಿ.

ವಿಜ್ಞಾನ_ಟೀಚರ್_ಹಾವೇರಿ
ಎಲ್ಲರಿಗೂ ಹೇಳಬೇಕಾದ ಸುದ್ದಿ. ಡಿಗ್ರಿ ಕಾಲೇಜಿನಿಂದ ಇಬ್ಬರು ಲೆಕ್ಚರರ್ ಬಂದಿದ್ದರು. ಸೋಡಿಯಂ, ಪಾದರಸ, ಲೇಬಲ್ ಇಲ್ಲದ ಬಾಟಲಿಗಳನ್ನು ಅವರೇ ತಗೊಂಡು ಹೋದರು. ಆಸಿಡ್ ಕೆಳಗಿನ ಖಾನೆಗೆ ಬಂತು, ಬೀರುವಿಗೆ ಬೀಗ, ರಿಜಿಸ್ಟರ್ ಶುರು. ಎಸ್‌ಡಿಎಂಸಿಯವರು ಡ್ರಮ್ ಕೊಡಿಸಿದ್ದಾರೆ. ಹೆಡ್‌ಮಾಸ್ಟರ್‌ಗೆ 2013ರ ಆದೇಶ ಹೇಳಿದ ಮೇಲೆ ಅವರೇ ಮುಂದೆ ನಿಂತು ಮಾಡಿಸಿದರು. ಒಂದು ಷರತ್ತು ಹಾಕಿದ್ದಾರೆ: ಒಂದು ಸಲಕ್ಕೆ ಇಪ್ಪತ್ತೈದೇ ಮಕ್ಕಳು, ಉಳಿದವರು ಆ ಪೀರಿಯಡ್ ಗಣಿತ ಮೇಷ್ಟ್ರ ಹತ್ತಿರ. ಅದು ನನಗೂ ಅನುಕೂಲವೇ.

ಗಾಗಲ್ಸ್ ಹದಿನೈದಕ್ಕೆ ಮಾತ್ರ ದುಡ್ಡು ಸಿಕ್ಕಿದೆ. ಇಪ್ಪತ್ತೈದು ಮಕ್ಕಳಿಗೆ ಹೇಗೆ ಹೊಂದಿಸಲಿ? ಕನ್ನಡಕ ಇರುವವರಿಗೆ ಬೇಡ ಅಂತ ಬಿಡಬಹುದಾ?

ಇಬ್ಬರು_ಮಕ್ಕಳ_ತಂದೆ
ಉಳಿದ ಹತ್ತು ಗಾಗಲ್ಸ್ ನಾನು ಕಳಿಸುತ್ತೇನೆ ಮೇಡಂ. ಅಳತೆ, ಯಾವ ಥರದ್ದು ಬೇಕು ಇಲ್ಲೇ ಬರೆಯಿರಿ.

ಕಣ್ಣಿನ_ಡಾಕ್ಟ್ರು
ಕನ್ನಡಕ ಗಾಗಲ್ಸ್ ಅಲ್ಲ ಮೇಡಂ. ಪಕ್ಕದಿಂದ, ಕೆಳಗಿನಿಂದ ಹನಿ ಒಳಗೆ ಬರುತ್ತದೆ. ಕನ್ನಡಕದ ಮೇಲೇ ಕೂರುವ ಅಗಲದ, ಸುತ್ತ ಮುಚ್ಚಿದ ಪಾರದರ್ಶಕ ಪಾಲಿಕಾರ್ಬೊನೇಟ್ ಗಾಗಲ್ಸ್ ತರಿಸಿ, ಹಿಂದೆ ಎಲಾಸ್ಟಿಕ್ ಪಟ್ಟಿ ಇರಲಿ. ಬಣ್ಣದ ಗ್ಲಾಸ್ ಬೇಡ. ಬಳಸಿದ ಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿ, ಇಲ್ಲವಾದರೆ ಮದ್ರಾಸ್ ಐ ಇಡೀ ಕ್ಲಾಸಿಗೆ ಹರಡುತ್ತದೆ. ಆ ಹತ್ತು ಬರುವವರೆಗೆ ಹದಿನೈದು ಮಕ್ಕಳ ಗುಂಪು ಮಾಡಿಕೊಳ್ಳಿ.